ಚಿಲಕದ ಮೇಲಿನ ಕೈ

ಚಿಲಕವನ್ನು ಮುಟ್ಟಿದೆನೋ, ಬಾಗಿಲ ಹಲಗೆಯನ್ನಷ್ಟೇ ತಳ್ಳಿದೆನೋ? ಅಂಗೈಗೆ ತಣ್ಣಗೆ ತಾಕಿತ್ತು ಎಂಬುದು ನೆನಪಿದೆ. ಕಬ್ಬಿಣ ತಣ್ಣಗಿರುತ್ತದೆ, ನಿಜ. ಆದರೆ ಹೆದರಿದವನ ಕೈಗೆ ಮರವೂ ತಣ್ಣಗೇ ತಾಕುತ್ತದೆ. ಬಾಗಿಲು ಆಗ ಚಿಲಕ ಹಾಕಿತ್ತೇ, ಇಲ್ಲಾ ಸುಮ್ಮನೆ ಮುಂದೆ ಮಾಡಿತ್ತೇ? ಹಾಕಿದ್ದರೆ ಎತ್ತದೆ ತೆರೆಯುವಂತಿರಲಿಲ್ಲ. ಎತ್ತಿದ್ದು ನೆನಪಿಲ್ಲ. ನೆನಪಿಲ್ಲ ಎಂದ ಮಾತ್ರಕ್ಕೆ ಎತ್ತಲಿಲ್ಲ ಎಂದೂ ಆಗುವುದಿಲ್ಲ. ಇದನ್ನೇ ತಿರುಗಿಸಿ ಮುರುಗಿಸಿ ಕೇಳಿಕೊಳ್ಳುತ್ತ ನಾನು ಪರೀಕ್ಷಾಲಯದ ಮೇಜಿನ ಮುಂದೆ ಕೂತಿದ್ದೆ. ಮೇಜಿನ ಮೇಲೆ, ಕಚೇರಿಯವರು ಬಿಳಿ ಬಟ್ಟೆಯಲ್ಲಿ ಸುತ್ತಿ ಕಳಿಸಿದ ಗುರುಸಿದ್ಧಯ್ಯನವರ ಮನೆಯ ಚಿಲಕವಿತ್ತು.

ನಮ್ಮ ಊರಿನಲ್ಲಿ ವಸ್ತು ಕೊನೆಗೆ ಮುಟ್ಟಿದವರದು. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಜನ ಮನೆಯೊಳಗೆ ಒಂದು ಸುತ್ತು ಹಾಕುತ್ತಾರೆ. ಕೊಡ, ಒರಳು, ಕುರ್ಚಿ, ಕನ್ನಡಿ, ಮಕ್ಕಳ ನೆತ್ತಿ, ಕೊನೆಗೆ ಬಾಗಿಲ ಚಿಲಕ. ಮನೆಗೆ ಚಿಲಕವೇ ಲೆಕ್ಕ. ಅದರ ಮೇಲೆ ಯಾರ ಕೈಯೋ ಮನೆ ಅವರದು. ಗಂಡ ಹೆಂಡತಿ ಜಗಳವಾಡಿದ ಮರುದಿನ ಇಬ್ಬರೂ ಒಟ್ಟಿಗೆ ಬಾಗಿಲಿಗೆ ಓಡುವುದನ್ನು ನೋಡಿ ಬೀದಿಯವರು ನಗುತ್ತಾರೆ. ಬೇರೆಯವರ ಮನೆಗೆ ಹೋದಾಗ ನಾವು ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂರುತ್ತೇವೆ. ಕಾಫಿ ಕೊಟ್ಟರೆ ಲೋಟದ ಸುತ್ತ ಒಂದು ತುಂಡು ಬಟ್ಟೆ ಇರುತ್ತದೆ. ಬಾಡಿಗೆಗೆ ಇರುವವರು, ಕೆಲಸಕ್ಕೆ ಇರುವವರು ಚಿಲಕವನ್ನು ಕೈಯಲ್ಲಿ ಎತ್ತುವುದಿಲ್ಲ. ಬಾಗಿಲ ಪಕ್ಕದಲ್ಲಿ ಒಂದು ಕೊಕ್ಕೆಕೋಲು ಒರಗಿಸಿರುತ್ತಾರೆ, ಅದರಿಂದ ಎತ್ತುತ್ತಾರೆ. ಕೊಡುವುದಿದ್ದರೆ, ಕೊಡುವವರು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ವಸ್ತುವನ್ನು ಒರೆಸಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾರೆ. ಒರೆಸಿದ ಮೇಲೆ ಹಿಂದಿನ ಯಾವ ಕೈಯೂ ಉಳಿಯುವುದಿಲ್ಲ. ಪಡೆಯುವವರು ಬಂದು ಮುಟ್ಟುತ್ತಾರೆ. ಮದುವೆಯೂ ಇಷ್ಟೇ, ಮಾರಾಟವೂ ಇಷ್ಟೇ.

ತಕರಾರು ಬಂದಾಗ ಊರಿನ ಕಚೇರಿಯ ಮೂಲಕ ವಸ್ತು ನಮ್ಮಲ್ಲಿಗೆ ಬರುತ್ತದೆ. ಬೋರ್ಡಿನ ಮೇಲೆ ಮೇಲ್ಮೈ ಪರೀಕ್ಷಾಲಯ ಎಂದಿದೆ. ಜನ 'ಮೈ ನೋಡೋ ಮನೆ' ಅನ್ನುತ್ತಾರೆ. ಹಿಂದಿನವರು ಎಕ್ಸ್-ಕಿರಣ ಬಳಸುತ್ತಿದ್ದರಂತೆ. ಅದು ಒಳಗೆಲ್ಲ ನುಗ್ಗಿ, ಐವತ್ತು ವರ್ಷದ ಕೈಗಳನ್ನೆಲ್ಲ ಕಲಸಿ ತಂದುಹಾಕುತ್ತಿತ್ತು. ಒಂದೂ ತೀರ್ಮಾನ ಆಗುತ್ತಿರಲಿಲ್ಲವಂತೆ. ಈಗ ನಾವು ಬಳಸುವುದು ಹೀಲಿಯಂ. ಸೂಜಿಯ ಕಣ್ಣಿನಷ್ಟು ಸಣ್ಣ ರಂಧ್ರದಿಂದ ಅನಿಲವನ್ನು ಬಿಟ್ಟು ಅದರೊಳಗೆ ವಿದ್ಯುತ್ತು ಹಾಯಿಸಿದರೆ ಕೆಲವು ಪರಮಾಣುಗಳು ಉದ್ರೇಕಗೊಳ್ಳುತ್ತವೆ. ಹಾಗಾದ ಪರಮಾಣು ತಾನಾಗಿ ಶಾಂತವಾಗಲಾರದು. ತನ್ನ ಹೊರೆಯನ್ನು ಹೊತ್ತುಕೊಂಡೇ, ನಿರ್ವಾತದ ಕೊಳವೆಯಲ್ಲಿ ನೆಟ್ಟಗೆ ಬಂದು, ವಸ್ತುವಿನ ತೀರ ಹೊರಗಿನ ಪದರವನ್ನು ತಾಕುತ್ತದೆ. ತಾಕಿದ್ದೇ ತಡ ಹೊತ್ತದ್ದನ್ನೆಲ್ಲ ಅಲ್ಲೇ ಇಳಿಸಿಬಿಡುತ್ತದೆ. ಆ ಪೆಟ್ಟಿಗೆ ಮೇಲ್ಮೈಯಿಂದ ಒಂದು ಇಲೆಕ್ಟ್ರಾನ್ ಹಾರುತ್ತದೆ. ಅಂಥ ಲಕ್ಷಾಂತರ ಇಲೆಕ್ಟ್ರಾನುಗಳನ್ನು ಹಿಡಿದು, ಯಾವುದು ಎಷ್ಟು ಜೋರಾಗಿ ಬಂತು ಎಂದು ನೋಡಿದರೆ ಪರದೆಯ ಮೇಲೆ ಏರಿಳಿಯುವ ಒಂದು ಗೆರೆ ಮೂಡುತ್ತದೆ. ಪ್ರತಿಯೊಬ್ಬರ ಕೈಗೂ ಒಂದು ಗೆರೆ. ಪರಮಾಣು ಒಳಗೆ ಹೋಗುವುದಿಲ್ಲ, ಹಿಂದಿನದನ್ನು ಕೆದಕುವುದಿಲ್ಲ. ಓದು ಮುಗಿಸಿ ನಾನು ಈ ಕೆಲಸಕ್ಕೆ ಅರ್ಜಿ ಹಾಕಿದ್ದು ಬಹುಶಃ ಈ ಒಂದು ಗುಣಕ್ಕೆ ಮರುಳಾಗಿ.

ಗುರುಸಿದ್ಧಯ್ಯನವರದು ದರ್ಜಿಯ ಮನೆ. ಅವರು ಬಟ್ಟೆ ಕತ್ತರಿಸುತ್ತಿದ್ದರು, ಚೆಲುವಾಜಮ್ಮ ಹೊಲಿಯುತ್ತಿದ್ದರು. ನಮ್ಮ ಊರಿನಂಥ ಊರಿನಲ್ಲಿ ಕೈಗವಸಿಗೆ ಎಷ್ಟು ಬೇಡಿಕೆ ಎಂದು ಹೇಳಬೇಕಾಗಿಲ್ಲ. ಪರೀಕ್ಷಾಲಯದ ಕೈಗವಸುಗಳೂ ಅಲ್ಲಿಯವೇ. ಆರು ವರ್ಷದಿಂದ ನಾನು ತೊಟ್ಟದ್ದೆಲ್ಲ ಚೆಲುವಾಜಮ್ಮ ಹೊಲಿದು ಗಂಜಿ ಹಾಕಿ ಕೊಟ್ಟವು. ಅವರು ಆ ಮನೆಯಲ್ಲಿ ಇಪ್ಪತ್ತು ವರ್ಷ ಇದ್ದರು. ಗುರುಸಿದ್ಧಯ್ಯನವರೊಂದಿಗೆ ಮದುವೆ ಆಗಿರಲಿಲ್ಲ. ಇಪ್ಪತ್ತು ವರ್ಷವೂ ಬಾಗಿಲನ್ನು ಕೊಕ್ಕೆಕೋಲಿನಿಂದಲೇ ತೆರೆದರು.

ಅವತ್ತು ನಾನು ಹೊಸ ಕೈಗವಸಿನ ಅಳತೆ ಕೊಡಲು ಹೋಗಿದ್ದೆ. ಹಳೆಯದನ್ನು ಬಿಚ್ಚಿ ಬರಿಗೈಯಲ್ಲಿ ನಿಂತಿದ್ದೆ. ಊಟಕ್ಕೆ ಕೂತಿದ್ದ ಗುರುಸಿದ್ಧಯ್ಯ ಒಂದು ಪಕ್ಕಕ್ಕೆ ವಾಲಿದರು. ಪಕ್ಕದ ಅಂಗಡಿಯವರು ಹಿತ್ತಲ ಕಡೆಯಿಂದ ಓಡಿ ಬಂದು ನಾಲ್ಕು ಜನ ಎತ್ತಿಕೊಂಡರು. ಚೆಲುವಾಜಮ್ಮ ತಲೆ ಹಿಡಿದಿದ್ದರು. "ಬಾಗ್ಲು ತೆಗೀರಪ್ಪಾ ಯಾರಾದ್ರೂ!" ಎಂದು ಯಾರೋ ಕೂಗಿದರು. ಬಾಗಿಲ ಹತ್ತಿರ ಇದ್ದವನು ನಾನೊಬ್ಬನೇ. ಕೋಲು ಕಾಣಲಿಲ್ಲ. ಆಮೇಲೆ ಬಾಗಿಲು ತೆರೆದಿತ್ತು, ನಾವೆಲ್ಲ ಬೀದಿಯಲ್ಲಿದ್ದೆವು. ಆಸ್ಪತ್ರೆಯ ಮೆಟ್ಟಿಲ ಮೇಲೆ ಗುರುಸಿದ್ಧಯ್ಯ ತೀರಿಕೊಂಡರು. ಗಂಟೆಯೊಳಗೆ ಕಚೇರಿಯವರು ಬಂದು ಪದ್ಧತಿಯಂತೆ ಚಿಲಕಕ್ಕೆ ಬಟ್ಟೆ ಸುತ್ತಿ ಬಿಚ್ಚಿಕೊಂಡು ಹೋದರು.

ಚಿಲಕ ನನ್ನ ಮೇಜಿಗೆ ಬಂದಾಗಲೇ ನಾನು ಹೇಳಬೇಕಿತ್ತು. ಹೇಳಲು ಏನಿತ್ತು? ಮುಟ್ಟಿದ್ದೇನೋ ಏನೋ ಎಂದು ಹೇಳುವುದೇ? ಹಲಗೆಯೇ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡು ರಸೀದಿಗೆ ಸಹಿ ಹಾಕಿದೆ.

ಮೊದಲು ಬಂದವನು ಚಂದ್ರಮೌಳಿ, ಗುರುಸಿದ್ಧಯ್ಯನವರ ಅಣ್ಣನ ಮಗ. ಸೈಕಲ್ ರಿಪೇರಿ ಮಾಡುವವನು, ಉಗುರ ಸಂದಿಯಲ್ಲಿ ಸದಾ ಗ್ರೀಸು. ಕೈ ಮಡಿಲಲ್ಲಿಟ್ಟುಕೊಂಡು ಬೆಂಚಿನ ತುದಿಯಲ್ಲಿ ಕೂತ.

"ನೋಡಿ ಪ್ರಾಣೇಶಪ್ಪ, ನಾನೇನು ರಾಕ್ಷಸ ಅಲ್ಲ. ಎರಡು ರೂಮಲ್ಲಿ ಏಳು ಜನ ಇದ್ದೀವಿ. ಚಿಕ್ಕಪ್ಪಂದೇ ಕೈ ಇದ್ರೆ ಮನೆ ನಂಗೆ ಬರುತ್ತೆ, ಯಾರ ಕೈನೂ ಇಲ್ದಿದ್ರೂ ನಂಗೇ ಬರುತ್ತೆ. ಆಯಮ್ಮಂಗೆ ಹಿಂದಿನ ಕೋಣೆ ಬಿಟ್ಟುಕೊಡ್ತೀನಿ. ಹೊಲ್ಕೊಂಡಿರ್ಲಿ."

"ಕೋಲು ಹಿಡ್ಕೊಂಡು?" ಎಂದು ಪಂಪಿನ ಪಕ್ಕದಿಂದ ಹುಸೇನ್ ಸಾಬರು ಕೇಳಿದರು. ನಿರ್ವಾತದ ಪಂಪುಗಳನ್ನು ನೋಡಿಕೊಳ್ಳುವವರು ಅವರು. ನನಗಿಂತ ಮೊದಲಿನಿಂದ ಅಲ್ಲಿದ್ದವರು.

"ಇಷ್ಟು ದಿವ್ಸ ಹಿಡ್ದಿಲ್ವಾ ಸಾಬ್ರೇ? ಚಿಕ್ಕಪ್ಪನೇ ಹಿಡಿಸಿದ್ದು, ನಾನಲ್ಲವಲ್ಲ."

ಸಾಬರು ಪಂಪಿನ ಕಡೆ ತಿರುಗಿದರು. ಚಂದ್ರಮೌಳಿ ಏಳುವಾಗ ಮರೆತು ಬೆಂಚಿಗೆ ಕೈ ಊರಲು ಹೋಗಿ ಕೈ ಹಿಂದಕ್ಕೆಳೆದುಕೊಂಡ. "ನಿಮ್ಮ ಬೆಂಚು ನಂದಾಗ್ಬಿಟ್ಟಿದ್ರೆ ನನ್ ಮಕ್ಕಳಿಗೆ ಮಲಗಕ್ಕಾದ್ರೂ ಆಗ್ತಿತ್ತು" ಎಂದು ನಕ್ಕು ಹೋದ.

ಚೆಲುವಾಜಮ್ಮ ಮಾರನೆಯ ದಿನ ಬಂದರು. ಒಳಗೆ ಬರಲಿಲ್ಲ, ಹೊಸ್ತಿಲಾಚೆಯೇ ನಿಂತು ನನ್ನ ಕೈಗವಸುಗಳನ್ನು ನೋಡಿದರು.

"ಎಡಗೈ ಹೆಬ್ಬೆಟ್ಟಿನ ಹತ್ರ ಹೊಲಿಗೆ ಬಿಟ್ಟಿದೆಯಲ್ಲೋ ತಮ್ಮಾ."

"ಹೊಸದು ಅವತ್ತು ಆಗ್ಲಿಲ್ವಲ್ಲ ಅಮ್ಮ."

"ಹೌದು, ಆಗ್ಲಿಲ್ಲ." ಮೇಜಿನ ಮೇಲಿದ್ದ ಬಿಳಿ ಬಟ್ಟೆಯ ಗಂಟಿನ ಕಡೆ ನೋಡಿದರು. "ಚಿಲಕ ಮುಟ್ಟಿದ್ನೋ ಇಲ್ವೋ ನಂಗೇ ಗೊತ್ತಾಗ್ತಿಲ್ಲ. ಕಚೇರೀಲಿ ಕೇಳಿದ್ರು. ಮುಟ್ಟಿದ್ದೀನಿ ಅಂತ ಹೇಳಿದ್ರೆ ಸುಳ್ಳಾಗುತ್ತೇನೋ, ಇಲ್ಲ ಅಂದ್ರೆ ಅದೂ ಸುಳ್ಳಾಗುತ್ತೇನೋ. ಮೆಷಿನ್ನೇ ಹೇಳ್ಲಿ ಅಂತ ಬಂದ್ಬಿಟ್ಟೆ."

"ಏನು ನೆನಪಿದೆ ಹೇಳಿ."

"ಬೆಳಿಗ್ಗೆ ಗ್ಲೌಸಿಗೆ ಗಂಜಿ ಹಾಕ್ತಿದ್ದೆ. ಅವರು ಬಾಗ್ಲ ಹತ್ರ ನಿಂತಿದ್ರು, ಕೈ ಹಿಂದಕ್ಕೆ ಕಟ್ಕೊಂಡು. 'ಒರೆಸಿದ್ದೀನಿ ಕಣೇ, ಬಂದು ಮುಟ್ಟು' ಅಂದ್ರು. ಇಪ್ಪತ್ತು ವರ್ಷದಲ್ಲಿ ಒಂದು ದಿವ್ಸಾನೂ ಅಂದಿರ್ಲಿಲ್ಲ. ನಂಗೆ ಕೋಪ ಬಂತು. ಯಾಕೆ ಬಂತೋ. 'ಕೈಯೆಲ್ಲ ಗಂಜಿ, ಆಮೇಲೆ' ಅಂದೆ. ಅವರು ನಕ್ಕರು. ಅಷ್ಟು ಮಾತ್ರ ಚೆನ್ನಾಗಿ ನೆನಪಿದೆ. ಆಮೇಲೆ ಎದ್ದು ಹೋಗಿ ಮುಟ್ಟಿದ್ನಾ? ಊಟಕ್ಕೆ ಬಡಿಸೋ ಮುಂಚೆ ಬಾಗ್ಲ ಕಡೆ ಹೋಗಿದ್ದೆ. ಯಾರೋ ಗಿರಾಕಿ ಬಂದಿದ್ರು. ಕೋಲಲ್ಲಿ ತೆಗೆದ್ನೋ, ಕೈಯಲ್ಲೋ..." ಅವರು ತಮ್ಮ ಬಲಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡರು.

"ಕೈ ಇಲ್ಲದೆ ಹೋದ್ರೆ?" ಎಂದೆ.

"ಚಂದ್ರಮೌಳಿ ಒಳ್ಳೆಯವನೇ. ಹಿಂದಿನ ಕೋಣೆ ಕೊಡ್ತಾನಂತೆ. ಆದ್ರೆ ಈ ವಯಸ್ನಲ್ಲಿ ಇನ್ನೊಬ್ರ ಬಾಗ್ಲಿಗೆ ಮತ್ತೆ ಕೋಲು ಹಿಡಿಯಕ್ಕೆ ನಂಗಾಗಲ್ಲ ತಮ್ಮಾ. ಊರು ಬಿಟ್ಟು ಹೋಗ್ತೀನಿ. ಎಲ್ಲಿಗೆ ಅಂತ ಮಾತ್ರ ಕೇಳ್ಬೇಡ."

ಚಿಲಕವನ್ನು ಇಕ್ಕಳದಿಂದ ಹಿಡಿದು ಯಂತ್ರದ ನಿರ್ವಾತದ ಕೋಣೆಯೊಳಗೆ ಇರಿಸಿ ಬಾಗಿಲು ಬಿಗಿದೆವು. ಗಾಳಿಯನ್ನೆಲ್ಲ ಹೊರಗೆ ತೆಗೆಯಲು ಮೂರು ದಿನ. "ಒಂದು ಚಿಲಕಕ್ಕೆ ಮೂರು ದಿವ್ಸ ಪಂಪು. ನಮ್ಮಪ್ಪ ಬಾವಿ ನೀರು ಖಾಲಿ ಮಾಡ್ತಿದ್ದ ಒಂದೇ ದಿನದಲ್ಲಿ" ಎಂದು ಸಾಬರು ಪ್ರತಿ ಸಲ ಹೇಳುವ ಮಾತನ್ನು ಹೇಳಿದರು. ಆ ಮೂರು ದಿನ ನಾನು ನನ್ನ ಮನೆಯ ಬಾಗಿಲ ಮುಂದೆ ನಿಂತು ಕಣ್ಣು ಮುಚ್ಚಿ ತಳ್ಳಿ ನೋಡಿದೆ, ಚಿಲಕ ಎತ್ತಿ ನೋಡಿದೆ. ಎಷ್ಟು ಸಲ ಮಾಡಿದೆನೆಂದರೆ ಕೊನೆಗೆ ನಿಜವಾಗಿ ಮಾಡಿದ್ದು ಯಾವುದು, ಅಭ್ಯಾಸಕ್ಕೆ ಮಾಡಿದ್ದು ಯಾವುದು ಎಂದು ಗೊತ್ತಾಗದೆ ಎರಡೂ ಬೆರೆತುಹೋದವು.

ನಾಲ್ಕನೆಯ ದಿನ ಮಧ್ಯಾಹ್ನ ಸಾಬರು ಊಟಕ್ಕೆ ಹೋದ ಮೇಲೆ ಹೀಲಿಯಂ ಧಾರೆ ಬಿಟ್ಟೆ. ಗೆರೆ ನಿಧಾನವಾಗಿ ಮೂಡಿತು. ಮೊದಲು ಒಂದು ಸಣ್ಣ ಉಬ್ಬು, ಆಮೇಲೆ ದೊಡ್ಡದು, ಬಲಕ್ಕೆ ಇಳಿಜಾರು. ನನ್ನ ಪರದೆಯ ಪಕ್ಕದಲ್ಲಿ ನನ್ನ ಕೈಯದೇ ಗೆರೆಯ ಹಾಳೆ ಸದಾ ಅಂಟಿಸಿರುತ್ತದೆ. ಗೆರೆ ಓದುವವನು ಎಲ್ಲಾದರೂ ತಪ್ಪಿ ವಸ್ತುವನ್ನು ಮುಟ್ಟಿದ್ದರೆ ತಿಳಿಯಲಿ ಎಂದು ಇಡುವುದು ಅದು. ದೊಡ್ಡ ಉಬ್ಬು ನನ್ನದಕ್ಕೆ ಕೂತಿತು. ಇಳಿಜಾರೂ ಕೂತಿತು. ಮೊದಲ ಸಣ್ಣ ಉಬ್ಬು ಮಾತ್ರ ಕೂರಲಿಲ್ಲ.

ಕಚೇರಿಯವರು ಕಳಿಸಿದ್ದ ಚೆಲುವಾಜಮ್ಮನ ಕೈಯ ಗೆರೆಯನ್ನು ಪಕ್ಕದಲ್ಲಿಟ್ಟೆ. ಆ ಸಣ್ಣ ಉಬ್ಬು ಅವರದ್ದರಂತೆಯೇ ಇತ್ತು.

ಒಂದು ಪದರದಲ್ಲಿ ಎರಡು ಕೈ ಇರುವುದಿಲ್ಲ. ಇಷ್ಟು ವರ್ಷದಲ್ಲಿ ನಾನು ನೋಡಿಲ್ಲ. ಹಾಗಾದರೆ ಇದು ಯಾರ ಕೈ? ನನ್ನ ಗೆರೆ ಬರೆದದ್ದು ಕೆಲಸಕ್ಕೆ ಸೇರಿದ ದಿನ. ಆಮೇಲೆ ಆರು ವರ್ಷ ಅವರು ಹೊಲಿದ ಅರಿವೆಯೊಳಗೆ, ಅವರು ಹಾಕಿದ ಗಂಜಿಯೊಳಗೆ ಈ ಕೈಗಳು ಇದ್ದವು. ಅವರ ಒಂದು ಉಬ್ಬು ನನಗೆ ಹತ್ತಿಕೊಂಡಿರಬಹುದೇ? ಅಥವಾ ಇಪ್ಪತ್ತು ವರ್ಷ ಊರಿನವರ ಕೈಗಳನ್ನೆಲ್ಲ ಅಳೆದು ಅಳೆದು ಅವರ ಕೈಯೇ ಬದಲಾಗಿ, ಅದರಲ್ಲಿ ನನ್ನದೂ ಸ್ವಲ್ಪ ಸೇರಿಕೊಂಡಿದೆಯೇ? ಇಲ್ಲಾ, ಇಕ್ಕಳದಿಂದ ಇಡುವಾಗ ಆ ಬಿಟ್ಟುಹೋದ ಹೆಬ್ಬೆಟ್ಟಿನ ಹೊಲಿಗೆಯಿಂದ ನನ್ನ ಚರ್ಮ ತಾಕಿತೇ? ಹಾಗಿದ್ದರೆ ಅವತ್ತು ಮುಟ್ಟಿದ್ದು ಹಲಗೆಯೇ. ನನ್ನ ಕೈಯ ಹೊಸ ಗೆರೆಯೊಂದನ್ನು ಬರೆದು ನೋಡಬಹುದಿತ್ತು. ಬರೆಯಲಿಲ್ಲ. ಅದು ಪೂರ್ತಿ ಕೂತುಬಿಟ್ಟರೆ ಮುಂದೇನು ಎಂದು ನನಗೆ ಗೊತ್ತಿತ್ತು: ಓದುವವನದೇ ಕೈ ಕಂಡರೆ ಓದು ಕೆಟ್ಟಂತೆ, ವಸ್ತು ರಕ್ತಸಂಬಂಧಿಗೆ ಹೋಗುತ್ತದೆ. ಚೆಲುವಾಜಮ್ಮ ಊರು ಬಿಡುತ್ತಾರೆ. ನಾನು ಒಂದು ಬಾಗಿಲನ್ನು ತೆರೆದ ತಪ್ಪಿಗೆ.

ಆಗ ನಾನು ಮಾಡಬಾರದ್ದೊಂದನ್ನು ಮಾಡಿದೆ. ಮೇಲಿನ ಪದರವನ್ನು ಸುಲಿಯುವ ಉಪಾಯವಿದೆ. ಆರ್ಗಾನ್ ಅನಿಲದಿಂದ ಜೋರಾಗಿ ಬಡಿದರೆ ತೊಗರಿಬೇಳೆಯಷ್ಟು ಜಾಗದಲ್ಲಿ ಒಂದೇ ಒಂದು ಪದರ ಕಿತ್ತುಬರುತ್ತದೆ. ವಸ್ತು ಇಡುವ ಖಾಲಿ ತಟ್ಟೆಗಳನ್ನು ಶುಚಿ ಮಾಡಲು ಮಾತ್ರ ಅದನ್ನು ಬಳಸುತ್ತೇವೆ. ತಕರಾರಿನ ವಸ್ತುವಿಗೆ ಬಳಸುವಂತಿಲ್ಲ. ಒಳಗೆ ಯಾರಿದ್ದರು ಎಂದು ಕೇಳುವ ಹಕ್ಕು ನಮ್ಮ ಊರಿನಲ್ಲಿ ಯಾರಿಗೂ ಇಲ್ಲ. ಕೆಳಗೆ ಅವರ ಕೈ ಇದ್ದರೆ ನನ್ನ ಮನಸ್ಸಿಗಾದರೂ ಒಂದು ಆಧಾರ ಸಿಗುತ್ತದೆ ಎಂದುಕೊಂಡೆ. ಬಾಗಿಲ ಕಡೆ ಒಮ್ಮೆ ನೋಡಿ ಗುಂಡಿ ಒತ್ತಿದೆ. ಹನ್ನೊಂದು ಸೆಕೆಂಡು. ಮತ್ತೆ ಹೀಲಿಯಂ ಬಿಟ್ಟೆ.

ಅವರ ಕೈ ಇರಲಿಲ್ಲ. ಗುರುಸಿದ್ಧಯ್ಯನವರ ಕೈಯೂ ಇರಲಿಲ್ಲ. ಪ್ರತಿ ಬೆಳಿಗ್ಗೆ ಆ ಮನುಷ್ಯ ಮುಟ್ಟಿದ ಚಿಲಕ. ಪದರದ ಮೇಲೆ ಪದರ ಅವರೇ ಇರಬೇಕಿತ್ತು. ಬರಿ ಕಬ್ಬಿಣ ಮಾತ್ರ ಇತ್ತು. ಗೆರೆ ಮಟ್ಟಸವಾಗಿ, ಕೊನೆಯಲ್ಲಿ ಒಂದೇ ಏರಾಗಿ, ಸ್ಪಿರಿಟ್ಟಿನಿಂದ ಚೆನ್ನಾಗಿ ಒರೆಸಿದ ವಸ್ತು ಹೇಗೆ ಕಾಣುತ್ತದೋ ಹಾಗೆ.

ಸಾಬರು ಬಂದಾಗ ಪರದೆ ಆರಿಸಿದ್ದೆ. "ಏನಂತೆ?" ಎಂದರು.

"ಚೆಲುವಾಜಮ್ಮ."

ಅವರು ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ ಆರ್ಗಾನ್ ಸಿಲಿಂಡರಿನ ಮಾಪಕದ ಮುಳ್ಳನ್ನು ನೋಡಿದರು. "ಒಳ್ಳೇದಾಯ್ತು ಬಿಡಿ ಸ್ವಾಮಿ" ಎಂದು ಕೈಗವಸು ತೊಟ್ಟು ಸಿಲಿಂಡರಿನ ಕವಾಟವನ್ನು ಇನ್ನೊಂದು ಸುತ್ತು ಬಿಗಿ ಮಾಡಿದರು. ಅವರಿಗೆ ಏನು ತಿಳಿಯಿತೋ ನಾನು ಕೇಳಲಿಲ್ಲ.

ಕಚೇರಿಯಲ್ಲಿ ವರದಿ ಓದಿದಾಗ ಚಂದ್ರಮೌಳಿ ತಲೆ ತಗ್ಗಿಸಿ ಕೇಳಿಸಿಕೊಂಡ. "ಚಿಕ್ಕಪ್ಪ ಕೊನೆಗೂ ಕೊಟ್ರಾ?" ಎಂದ. "ಕೊಡೋದಾಗಿದ್ರೆ ಹತ್ತು ವರ್ಷ ಮುಂಚೆ ಕೊಡ್ಬೇಕಿತ್ತು. ಆಸೆ ಇಟ್ಕೊಂಡು ಕೂತಿರ್ತಿರ್ಲಿಲ್ಲ ನಾವು." ಆಮೇಲೆ ಚಿಲಕವನ್ನು ಬಾಗಿಲಿಗೆ ಮತ್ತೆ ಕೂರಿಸಲು ಸ್ಕ್ರೂಡ್ರೈವರ್ ತಂದವನೂ ಅವನೇ. ಎಲ್ಲರ ಎದುರಿಗೆ ಚೆಲುವಾಜಮ್ಮ ಕಣ್ಣು ಮುಚ್ಚಿಕೊಂಡು ಮುಟ್ಟಿದರು. ಆ ಹೊತ್ತಿನಿಂದ ಅದರ ಮೇಲೆ ಇದ್ದದ್ದು ಅವರ ಕೈಯೇ. ಯಾರು ಎಲ್ಲಿ ಓದಿಸಿದರೂ ಅದೇ ಬರುತ್ತಿತ್ತು. ನನ್ನ ಸುಳ್ಳು ಅರ್ಧ ದಿನವೂ ಸುಳ್ಳಾಗಿ ಉಳಿಯಲಿಲ್ಲ. ಹಗುರವಾಗಬೇಕಿತ್ತು, ಆಗಲಿಲ್ಲ. ಏಳು ಜನರ ಎರಡು ರೂಮು ನೆನಪಾಗುತ್ತಿತ್ತು.

ತಿಂಗಳಾದ ಮೇಲೆ ಅಳತೆ ಕೊಡಲು ಹೋದೆ. ಬೀದಿಯಲ್ಲಿ ನಿಂತು ಕರೆದೆ. ಒಳಗೆ ಹೊಲಿಗೆ ಯಂತ್ರ ನಿಂತಿತು. ಬಾಗಿಲು ತೆರೆಯಲು ತುಂಬ ಹೊತ್ತಾಯಿತು. ತೆರೆದಾಗ ಅವರ ಕೈಯಲ್ಲಿ ಕೊಕ್ಕೆಕೋಲು ಇತ್ತು.

"ಇನ್ನೂ ಕೋಲಾ ಅಮ್ಮ?"

"ಬೆಳಿಗ್ಗೆ ಒಂದ್ಸಲ ಮುಟ್ತೀನಿ. ಮಿಕ್ಕ ಹೊತ್ತೆಲ್ಲ ಕೈ ಇದಕ್ಕೇ ಹೋಗುತ್ತೆ. ಬಾ, ಎಡಗೈ ಕೊಡು."

ಅವರು ದಾರದಿಂದ ನನ್ನ ಹೆಬ್ಬೆಟ್ಟಿನ ಸುತ್ತಳತೆ ತೆಗೆದರು. ಅವರ ಬೆರಳು ನನ್ನ ಚರ್ಮಕ್ಕೆ ತಾಕದಂತೆ ಅಳೆಯುವುದು ಅವರಿಗೆ ಮಾತ್ರ ಬರುತ್ತಿತ್ತು. ಮನೆ ಗುಡಿಸಿ ಶುಚಿಯಾಗಿತ್ತು. ಗುರುಸಿದ್ಧಯ್ಯನವರ ಕತ್ತರಿ ಗೋಡೆಯಲ್ಲಿ ನೇತಾಡುತ್ತಿತ್ತು. ಚೆಲುವಾಜಮ್ಮ ಸಣ್ಣಗಾಗಿದ್ದರು.

"ಒಂದು ಮಾತು ಕೇಳ್ತೀನಿ" ಎಂದರು, ದಾರಕ್ಕೆ ಗಂಟು ಹಾಕುತ್ತ. "ಮೆಷಿನ್ ತಪ್ಪು ಹೇಳಲ್ಲ ಅಲ್ವಾ?"

"ಯಾಕಮ್ಮ?"

"ಅಲ್ಲ, ನಾನು ಮುಟ್ಟಿದ್ದೀನಿ ಅಂತ ಆಯ್ತಲ್ಲ. ಹಾಗಾದ್ರೆ 'ಗಂಜಿ ಕೈ, ಆಮೇಲೆ' ಅಂದಿದ್ದು ಏನು? ಅಂದ್ಬಿಟ್ಟೆನಲ್ಲಾ, ಅಷ್ಟು ಕೇಳಿದಾಗ ಎದ್ದು ಹೋಗ್ಲಿಲ್ವಲ್ಲಾ ಅಂತ ಹದಿನೈದು ದಿವ್ಸ ಅತ್ತೆ. ಈಗ ನೋಡಿದ್ರೆ ಮುಟ್ಟಿದ್ದೀನಂತೆ. ಮುಟ್ಟಿದ್ದು ಒಂದು ಚೂರೂ ನೆನಪಿಲ್ಲ. ಯಾವುದು ನಡೀಲೇ ಇಲ್ವೋ ಅದು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ." ಅವರು ನನ್ನನ್ನು ನೋಡಲಿಲ್ಲ, ದಾರವನ್ನೇ ನೋಡುತ್ತಿದ್ದರು. "ಅದು ಸುಳ್ಳಾದ್ರೆ, ಅವರು ಕೈ ಕಟ್ಕೊಂಡು ನಿಂತಿದ್ದೂ ಸುಳ್ಳೇ ಇರ್ಬೇಕು. 'ಒರೆಸಿದ್ದೀನಿ ಕಣೇ' ಅಂದಿದ್ದೂ. ಅವರು ಕೇಳಿರ್ಲೇ ಇಲ್ವೇನೋ. ನಾನೇ ಯಾವಾಗ್ಲೋ ಹೋಗಿ, ಯಾರೂ ಇಲ್ಲದಾಗ, ಕದ್ದು ಮುಟ್ಟಿಬಿಟ್ಟಿದ್ದೀನೇನೋ. ಇಪ್ಪತ್ತು ವರ್ಷ ಕಾದವಳು, ಮುಟ್ಟಿದ್ರೂ ಮುಟ್ಟಿರ್ತೀನಿ. ಮರೆತಿದ್ದೀನಿ, ಅಷ್ಟೇ."

"ಹಾಗೇನಿಲ್ಲ ಅಮ್ಮ."

"ನಿಂಗೆ ಹೇಗೆ ಗೊತ್ತು?"

ಒರೆಸಿದ ಕಬ್ಬಿಣದ ಆ ಮಟ್ಟಸವಾದ ಗೆರೆ ನನ್ನ ಕಣ್ಣ ಮುಂದೆ ಇತ್ತು. ಒಂದು ವಾಕ್ಯದ ಕೆಲಸ. ಆದರೆ ಆ ವಾಕ್ಯ ಹೇಳಿದರೆ, ಕೆಳಗಿನ ಪದರವನ್ನು ನಾನು ಯಾಕೆ ನೋಡಿದೆ, ಮೇಲಿನದು ಯಾರದಿತ್ತು, ಎಲ್ಲವನ್ನೂ ಹೇಳಬೇಕು. ಹೇಳಿದರೆ ಅವರು ಸುಮ್ಮನಿರುವ ಹೆಂಗಸಲ್ಲ. ಅದೇ ಕೋಲು ಹಿಡಿದುಕೊಂಡು ಕಚೇರಿಗೆ ನಡೆದು, ಮನೆಯನ್ನು ಚಂದ್ರಮೌಳಿಗೆ ಒಪ್ಪಿಸಿ ಬರುವವರು. ಅವರಿಗೆ ಮನೆ ಬೇಕಿತ್ತೋ, ಆ ಬೆಳಿಗ್ಗೆ ಬೇಕಿತ್ತೋ? ನಾನು ಯಾವುದನ್ನು ಕೊಟ್ಟೆ, ಯಾವುದನ್ನು ಕಿತ್ತುಕೊಂಡೆ? ಅದನ್ನು ತೀರ್ಮಾನ ಮಾಡಲು ನಾನು ಯಾರು, ಮತ್ತು ಆಗಲೇ ಮಾಡಿಬಿಟ್ಟಿದ್ದೇನಲ್ಲ, ಹೀಗೆ ಏನೇನೋ ತಲೆಯಲ್ಲಿ ಸುತ್ತುತ್ತಿರುವಾಗ ಅವರು ಕತ್ತರಿ ಎತ್ತಿಕೊಂಡು ಅರಿವೆ ಕತ್ತರಿಸಲು ಶುರು ಮಾಡಿದರು.

"ಮುಂದಿನ ವಾರ ಬಾ" ಎಂದರು. "ಈ ಸಲ ಎರಡು ಪದರ ಹೊಲಿಗೆ ಹಾಕ್ತೀನಿ."

ಗುರುಸಿದ್ಧಯ್ಯ ಅವತ್ತು ಚಿಲಕವನ್ನು ನಿಜವಾಗಿಯೂ ಒರೆಸಿದ್ದರು, ಅದನ್ನು ನಾನು ಕಂಡಿದ್ದೇನೆ ಎಂದು ಚೆಲುವಾಜಮ್ಮನಿಗೆ ನಾನು ಹೇಳಲಿಲ್ಲ.